ಐದನೇ ಮಹಡಿಯವರ ಹೆಂಡತಿ

ಕುರ್ಚಿಯನ್ನು ಅವಳೇ ಎಳೆದುಕೊಟ್ಟಾಗ, ಎಲ್ಲೋ ಏನೋ ತಪ್ಪಾಗಿದೆ ಅನ್ನಿಸಿತು.

ತಪಾಸಣೆಗೆ ಬಂದವನಿಗೆ ಯಾರೂ ಕುರ್ಚಿ ಎಳೆದುಕೊಡುವುದಿಲ್ಲ. ಕಂಪನಿ ಕಟ್ಟಿಸಿದ ಶೀತಲಗೃಹಗಳು ನೆಟ್ಟಗಿವೆಯೇ ಎಂದು ಊರೂರು ಸುತ್ತಿ ನೋಡುವುದು ಅವನ ಕೆಲಸ. ಹೋದಲ್ಲೆಲ್ಲ ಜನ ಅವನನ್ನು, ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದಿಳಿದ ನೆಂಟನನ್ನು ನೋಡುವಂತೆ ನೋಡುತ್ತಿದ್ದರು. ನಿಲ್ಲಿಸಿಯೇ ಮಾತಾಡಿಸಿ, ನಿಲ್ಲಿಸಿಯೇ ಕಳಿಸುತ್ತಿದ್ದರು. ಈ ದೇಶಕ್ಕೆ ಬಂದ ಎಂಟು ವರ್ಷಗಳಲ್ಲಿ ಅದು ಒಗ್ಗಿಹೋಗಿತ್ತು. ಈಚೆಗೆ ಹಿತವೂ ಆಗಿತ್ತು. ಕೂತರೆ ಮಾತು ಬೆಳೆಯುತ್ತದೆ.

ಈ ಶಾಖೆಗೆ ಬಂದದ್ದು ಇದೇ ಮೊದಲು. ನಗರದಿಂದ ರೈಲು, ಆಮೇಲೆ ಬಸ್ಸು, ಆಮೇಲೆ ಲಾರಿಗಳು ಸಾಲುಗಟ್ಟಿ ನಿಂತ ರಸ್ತೆಯ ಅಂಚಿನಲ್ಲಿ ನಡಿಗೆ. ಅವನು ಕೋಟಿನ ಗುಂಡಿ ಬಿಚ್ಚುವ ಮೊದಲೇ ಶಾಖೆಯ ಮುಖ್ಯಸ್ಥೆ ಎದ್ದು ಬಂದಿದ್ದಳು. ಐವತ್ತು ದಾಟಿದ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ, ತುಂಬು ಮೈಯ ಹೆಂಗಸು. ಕುರ್ಚಿ ಎಳೆದಳು. ಕೂರಿಸಿದಳು. ಅವನ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ನೀವು ಇಷ್ಟು ಬೇಗ ಬರ್ತೀರಿ ಅಂತ ನಾವ್ಯಾರೂ ಅಂದ್ಕೊಂಡಿರ್ಲಿಲ್ಲ,” ಎಂದಳು, ಆ ಊರಿನ ಭಾಷೆಯಲ್ಲಿ.

ಅವನು ಗಡಿಯಾರ ನೋಡಿಕೊಂಡ. “ಹತ್ತೂವರೆಗೆ ಅಂತ ಹೇಳಿದ್ರು.”

“ಅಯ್ಯೋ, ಅದಲ್ಲ.” ಅವಳ ಕಣ್ಣು ತುಂಬಿಕೊಂಡಿತ್ತು. “ನಿಮ್ಮ ಹೆಂಡತಿ ವಿಷಯ ಕೇಳಿ ನಮಗೆಲ್ಲ ತುಂಬ ಸಂಕಟ ಆಯ್ತು. ಏನು ವಯಸ್ಸು, ಪಾಪ.”

ಅವನ ಹೆಂಡತಿ ಬೆಳಿಗ್ಗೆ ಚೆನ್ನಾಗಿಯೇ ಇದ್ದಳು. ಅವನು ಶೂ ಕಟ್ಟಿಕೊಳ್ಳುವಾಗ ಅಡುಗೆಮನೆಯಿಂದಲೇ, “ಇವತ್ತಾದ್ರೂ ಬರ್ತಾ ಅವರ ಮನೆಗೆ ಹೋಗಿ ಬನ್ನಿ ರೀ,” ಎಂದಿದ್ದಳು.

“ಯಾರ ಮನೆಗೆ?” ಎಂದಿದ್ದ, ಗೊತ್ತಿದ್ದೂ.

“ನಿಮ್ಮ ಐದನೇ ಮಹಡಿಯವರ ಮನೆಗೆ. ಹೆಂಡತಿ ಹೋಗಿ ತಿಂಗಳಾಗ್ತಾ ಬಂತು. ನಮ್ಮ ಮಾತಾಡೋರು ಅಂತ ಈ ಊರಲ್ಲಿ ಇರೋದೇ ನಾಕು ಜನ. ಏನಂದ್ಕೊಳ್ತಾರೆ?”

“ನೋಡೋಣ,” ಎಂದು ಬಾಗಿಲೆಳೆದುಕೊಂಡಿದ್ದ. ಅವನ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುತ್ತಿದ್ದದ್ದು ಆ ಒಂದು ಮಾತು.

ಈಗ ಅರ್ಥವಾಯಿತು. ಮುಖ್ಯ ಕಚೇರಿಯಲ್ಲಿ ಅವನ ಕಡೆಯವರು ಇಬ್ಬರು. ಉದ್ದನೆಯ ಹೆಸರನ್ನು ಅರ್ಧಕ್ಕೆ ಕತ್ತರಿಸಿ ಕರೆಯುವುದು ಇಲ್ಲಿನವರ ಅಭ್ಯಾಸ; ಕತ್ತರಿಸಿದ ಮೇಲೆ ಇಬ್ಬರ ಹೆಸರೂ ಒಂದೇ ಆಗಿತ್ತು. ಹಾಗಾಗಿ ಒಬ್ಬ ‘ಮೂರನೇ ಮಹಡಿ’ ಆದ, ಇನ್ನೊಬ್ಬ ‘ಐದನೇ ಮಹಡಿ’ ಆದ. ಮೂರನೇ ಮಹಡಿ ಅವನು. ಐದನೇ ಮಹಡಿಯವರು ಬಿಡಿಭಾಗಗಳ ವಿಭಾಗದಲ್ಲಿ ಕೂತು ಎಲ್ಲ ಶಾಖೆಗಳಿಗೂ ಫೋನಿನಲ್ಲಿ ಉತ್ತರ ಕೊಡುವವರು. ಶಾಖೆಯವರಿಗೆ ಅವರ ಅರ್ಧ ಹೆಸರು ಗೊತ್ತು, ದನಿ ಗೊತ್ತು, ಮುಖ ಗೊತ್ತಿಲ್ಲ. ಇಂದು ಅದೇ ಅರ್ಧ ಹೆಸರಿನವನು ಬರುತ್ತಾನೆಂದು ಇಲ್ಲಿಗೆ ತಿಳಿಸಿದ್ದರು. ಸತ್ತದ್ದು ಐದನೇ ಮಹಡಿಯವರ ಹೆಂಡತಿ. ಸಂತಾಪ ಮಾತ್ರ ಮೂರನೇ ಮಹಡಿಯಲ್ಲೇ ಇಳಿದುಬಿಟ್ಟಿತ್ತು.

ಹೇಳಿಬಿಡಬೇಕು ಎಂದುಕೊಂಡ. ಆ ಭಾಷೆಯಲ್ಲಿ ವಾಕ್ಯವನ್ನು ಬಾಯೊಳಗೇ ಜೋಡಿಸಿಕೊಂಡ: ಸತ್ತದ್ದು ನನ್ನ ಹೆಂಡತಿಯಲ್ಲ. ಕೇಳುವವರಿಗೆ ತಮಾಷೆಯಂತೆಯೋ ತಲೆ ಕೆಟ್ಟವನ ಮಾತಿನಂತೆಯೋ ಕಾಣಬಹುದು. ಇನ್ನೊಂದು ಬಗೆಯಲ್ಲಿ ಜೋಡಿಸತೊಡಗಿದ. ಅಷ್ಟರಲ್ಲಿ ಬಿಸಿ ಚಹಾ ಬಂತು. ಹಿಂದೆಯೇ ಗೋದಾಮು ನೋಡಿಕೊಳ್ಳುವವನು ಬಂದ. ಆರಡಿ ಆಳು. ಅವನನ್ನು ಕಂಡು ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಟೋಪಿ ತೆಗೆದ ತಲೆ ಬೋಳಾಗಿತ್ತು, ಅದರ ಮೇಲೆ ಟೋಪಿಯ ಅಂಚಿನ ಗೆರೆ ಕೆಂಪಗೆ ಮೂಡಿತ್ತು.

ಟೋಪಿ ತೆಗೆದವನ ಮುಂದೆ ಆ ವಾಕ್ಯ ಹೇಳುವುದಾಗಲಿಲ್ಲ.

“ಫೋನಲ್ಲಿ ನಿಮ್ಮ ದನಿ ಇಷ್ಟು ಮೆತ್ತಗಿರ್ಲಿಲ್ಲ,” ಎಂದಳು ಮುಖ್ಯಸ್ಥೆ. “ಎಷ್ಟು ಇಳಿದುಹೋಗಿದೀರಿ.”

“ಹೂಂ,” ಎಂದ. ಅದು ಹೌದು ಅಲ್ಲ, ಅಲ್ಲವೂ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಶೀತಲಗೃಹದ ಬಾಗಿಲಿನ ರಬ್ಬರು ಪಟ್ಟಿ ಹರಿದಿತ್ತು. ತಣ್ಣನೆಯ ಗಾಳಿ ಅಲ್ಲಿಂದ ಸೋರಿ ಹೊಸ್ತಿಲಲ್ಲಿ ಮಂಜುಗಡ್ಡೆ ಕಟ್ಟಿಕೊಂಡಿತ್ತು. ಒಳಗೆ ಫ್ಯಾನಿನ ಹಿಂದಿನ ಕೊಳವೆಗಳಿಗೆ ಮಂಜಿನ ಬಿಳಿಯ ಗಡ್ಡ ಬಂದಿತ್ತು. ಬೇರೆ ಕಡೆಯಾಗಿದ್ದರೆ ಇಲ್ಲಿಂದ ಜಗಳ ಶುರು. ಪಟ್ಟಿ ಬದಲಾಯಿಸಬೇಕು ಎಂದು ಇವನು, ಹೋದ ವರ್ಷವಷ್ಟೇ ಬದಲಾಯಿಸಿದ್ದೇವೆ ಎಂದು ಅವರು, ಹಾಗಾದರೆ ಗಡ್ಡ ಎಲ್ಲಿಂದ ಬಂತು ಎಂದು ಇವನು. ಗಡ್ಡದವರೆಗೆ ಬರುವ ಹೊತ್ತಿಗೆ ಎರಡೂ ಕಡೆ ದನಿ ಏರಿರುತ್ತದೆ.

“ಬದಲಾಯಿಸೋಣ ಬಿಡಿ,” ಎಂದಳು ಮುಖ್ಯಸ್ಥೆ. “ಇದಕ್ಕೆಲ್ಲ ನೀವು ತಲೆ ಕೆಡಿಸ್ಕೋಬೇಡಿ.”

ಗೋದಾಮಿನವನು ತನ್ನ ಕೈಗವಸು ಬಿಚ್ಚಿ ಅವನ ಕೈಗೆ ತೊಡಿಸಿದ. ಒಳಗೆ ಆ ಮನುಷ್ಯನ ಬಿಸಿ ಹಾಗೇ ಇತ್ತು. ಭಾರದ ಬಾಗಿಲು ಮುಚ್ಚಿಕೊಳ್ಳದಂತೆ ಬೆನ್ನು ಕೊಟ್ಟು ನಿಂತು, “ನಮ್ಮಮ್ಮ ಹೋದಾಗ ನಾನು ಒಂದು ವಾರ ಇಲ್ಲೇ ಬಂದು ನಿಂತ್ಕೊಳ್ತಿದ್ದೆ. ಇಲ್ಲಿ ಅತ್ರೆ ಯಾರಿಗೂ ಕಾಣಲ್ಲ,” ಎಂದ. ಉಸಿರು ಹೊಗೆಯಂತೆ ಹೋಯಿತು.

ಅವನು ಥರ್ಮಾಮೀಟರು ನೋಡಿದ. ನೋಡಿದ್ದನ್ನು ಮರೆತು ಮತ್ತೊಮ್ಮೆ ನೋಡಿದ. ಸುಖವಾಗುತ್ತಿತ್ತು. ಅದನ್ನು ತಾನೇ ಗಮನಿಸಿ ಅಸಹ್ಯವಾಯಿತು. ಅಸಹ್ಯವಾದರೂ ಸುಖ ಹೋಗಲಿಲ್ಲ.

ಮಧ್ಯಾಹ್ನ ಊಟದ ಮೇಜಿನಲ್ಲಿ ಮುಖ್ಯಸ್ಥೆ ಅವನ ಎದುರಿಗೇ ಕೂತಳು. ಗೋದಾಮಿನವನು ಪಕ್ಕಕ್ಕೆ.

“ಹೇಗಿದ್ರು ಅವರು?” ಎಂದಳು. “ಹೇಳಬೇಕು ಅನ್ನಿಸಿದ್ರೆ ಹೇಳಿ. ಬೇಡ ಅಂದ್ರೆ ಬೇಡ.”

ಬೇಡ ಎನ್ನುವುದು ಸುಲಭವಿತ್ತು. ಸಂತಾಪದಲ್ಲಿರುವವನಿಗೆ ಎಲ್ಲ ಬಗೆಯ ಬೇಡಗಳೂ ಸಲ್ಲುತ್ತವೆ. ಆದರೆ ಅವನ ಬಾಯಿ, “ಮರೆವು ಜಾಸ್ತಿ,” ಎಂದಿತು.

ಇಬ್ಬರೂ ಚಮಚ ಕೆಳಗಿಟ್ಟರು.

“ಫೋನನ್ನ ತರಕಾರಿ ಜೊತೆ ಫ್ರಿಜ್ಜಿನಲ್ಲಿ ಇಟ್ಟುಬಿಡೋಳು. ಆಮೇಲೆ ಮನೆಯೆಲ್ಲ ಹುಡುಕೋದು. ನಾನು ನನ್ನ ಫೋನಿಂದ ಮಾಡ್ತಿದ್ದೆ. ಫ್ರಿಜ್ಜಿನ ಒಳಗಿಂದ ರಿಂಗಾಗೋದು. ಬಾಗಿಲು ತೆಗೆದು, ಕಿವಿಗಿಟ್ಟುಕೊಂಡು, ತಣ್ಣಗಿದೆ ಅಂತ ಕಿರುಚೋಳು. ನಾನು ಪಕ್ಕದ ಕೋಣೇಲೇ ಇರ್ತಿದ್ದೆ, ಆದ್ರೂ ಫೋನಲ್ಲೇ, ಸಿಕ್ತು ರೀ, ಅನ್ನೋಳು.”

ಮುಖ್ಯಸ್ಥೆ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಅವನಿಗೆ ಆಶ್ಚರ್ಯವಾಯಿತು. ಎಂಟು ವರ್ಷಗಳಲ್ಲಿ ಈ ಭಾಷೆಯಲ್ಲಿ ಅವನು ಯಾರನ್ನೂ ನಗಿಸಿರಲಿಲ್ಲ, ಅಳಿಸಿರಲಿಲ್ಲ. ಒಂದೇ ಕತೆಯಲ್ಲಿ ಎರಡೂ ಆಗಿತ್ತು. ಇನ್ನೂ ಆಶ್ಚರ್ಯವೆಂದರೆ, ಎಷ್ಟು ಕಲಿತರೂ ಅವನ ನಾಲಿಗೆಗೆ ತೊಡಕಾಗುತ್ತಿದ್ದ ಆ ಭಾಷೆಯ ಭೂತಕಾಲ ಇಂದು ನೀರು ಹರಿದಂತೆ ಹರಿಯುತ್ತಿತ್ತು.

ಹೇಳಿದ. ಮೊದಲ ಚಳಿಗಾಲದಲ್ಲಿ ಅವಳು ಅವನದೇ ಕೋಟು ಹಾಕಿಕೊಂಡು, ಜೋಲುವ ಒಂದೇ ತೋಳಿನೊಳಗೆ ಎರಡೂ ಕೈ ತೂರಿಸಿ ಬಸ್ಸಿಗೆ ಕಾಯುತ್ತಿದ್ದದ್ದು. ಸಾರಿನ ಉಪ್ಪು ನೋಡುವಾಗ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ನೆಕ್ಕಿ, ಯಾರದೋ ಹೆಸರು ನೆನಪಿಸಿಕೊಳ್ಳುವವಳಂತೆ ಕಣ್ಣು ಮುಚ್ಚುತ್ತಿದ್ದದ್ದು. ಹೇಳುತ್ತ ಹೇಳುತ್ತ ಅವಳ ಮೇಲೆ ಅಕ್ಕರೆ ಉಕ್ಕಿತು.

ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ಹೆಂಡತಿ. ಅವನು ಅದನ್ನು ಮಗುಚಿಟ್ಟ. ಫೋನು ಮೇಜಿನ ಮೇಲೆ ಅಂಗಾತ ಬಿದ್ದ ಜೀರುಂಡೆಯಂತೆ ಸುತ್ತು ತಿರುಗಿ ನಿಂತಿತು.

“ಮನೆಯಿಂದಲಾ? ಅಮ್ಮನಾ?” ಎಂದಳು ಮುಖ್ಯಸ್ಥೆ.

ಅವನು ತಲೆಯಾಡಿಸಿದ.

“ತೆಗೀರಿ, ಪರವಾಗಿಲ್ಲ.”

“ಆಮೇಲೆ ಮಾತಾಡ್ತೀನಿ.”

“ಒಬ್ಬರೇ ಮನೇಲಿ ಇಡೀ ದಿನ ಏನ್ ಮಾಡ್ತಿದ್ರು ಪಾಪ, ಗೊತ್ತಿಲ್ಲದ ಊರಲ್ಲಿ?”

ಅವನು ಬಾಯಿ ತೆರೆದ. ಏನು ಮಾಡುತ್ತಾಳೆ? ಅವನು ಏಳಕ್ಕೆ ಹೊರಡುತ್ತಾನೆ, ಏಳಕ್ಕೆ ಬರುತ್ತಾನೆ. ನಡುವಿನದು ಮುಚ್ಚಿದ ಕೋಣೆ.

“ನಡೀತಿದ್ಲು,” ಎಂದ.

“ಎಲ್ಲಿಗೆ?”

“ಸುಮ್ಮನೆ.”

ಮುಖ್ಯಸ್ಥೆ ನಿಟ್ಟುಸಿರಿಟ್ಟಳು. ಗೋದಾಮಿನವನು ಕಿಟಕಿಯ ಆಚೆ, ಲಾರಿಗಳ ನಡುವಿನ ದಾರಿಯನ್ನು ನೋಡಿದ, ಅಲ್ಲಿ ಯಾರೋ ನಡೆದು ಹೋಗುತ್ತಿದ್ದಾರೆ ಎಂಬಂತೆ.

ಹೊರಡುವಾಗ ಮುಖ್ಯಸ್ಥೆ ಬಟ್ಟೆ ಸುತ್ತಿ ಗಂಟು ಹಾಕಿದ ಗಾಜಿನ ಡಬ್ಬಿಯೊಂದನ್ನು ಕೈಗಿಟ್ಟಳು. ಆಲೂಗಡ್ಡೆ, ಬಟಾಣಿ ಹಾಕಿ ಬೇಯಿಸಿದ್ದು. ಬೆಳಿಗ್ಗೆ ಬೇಗ ಎದ್ದು ಮಾಡಿದ್ದು. “ಒಬ್ಬರಿಗೋಸ್ಕರ ಒಲೆ ಹಚ್ಚೋಕೆ ಮನಸ್ಸಾಗಲ್ಲ, ನಂಗೊತ್ತು. ಬಿಸಿ ಮಾಡ್ಕೊಂಡು ತಿನ್ನಿ. ತಿಂತೀರಿ ತಾನೆ?”

“ತಿಂತೀನಿ.”

“ಮಾತು ಕೊಡಿ.”

ಕೊಟ್ಟ.

ಆ ಡಬ್ಬಿಯೇ ಪೇಚಿಗೆ ಸಿಕ್ಕಿಸಿತು. ಮನೆಗೆ ಒಯ್ಯುವಂತಿಲ್ಲ, ಇದೇನು, ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳುತ್ತಾಳೆ. ನೀನು ಸತ್ತದ್ದಕ್ಕೆ ಕೊಟ್ಟರು ಎನ್ನುವುದಕ್ಕಾಗುತ್ತದೆಯೇ? ಬಿಸಾಡುವಂತಿಲ್ಲ, ಮಾತು ಕೊಟ್ಟಾಗಿದೆ. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸಂಜೆಯ ಗಾಡಿ ತುಂಬಿತ್ತು. ಎದುರಿನ ಸೀಟಿನವರು ಕೋಟಿನ ಕಾಲರಿನೊಳಗೆ ಮುಖ ಹುದುಗಿಸಿ ನಿದ್ದೆ ಮಾಡುತ್ತಿದ್ದರು. ಹೆಂಡತಿಯಿಂದ ಇನ್ನೊಂದು ಕರೆ ಬಂತು. ರೈಲಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದು ನೆವ ಮಾಡಿಕೊಂಡು ಸುಮ್ಮನಾದ. ಅಕ್ಕರೆ ಇನ್ನೂ ಉಳಿದಿತ್ತು. ಅವಳ ದನಿ ಕೇಳಿದರೆ ಅದು ಹಾಳಾಗಬಹುದು ಎಂಬ ಭಯ, ಹಾಗೆ ಹೆಸರಿಡದೆ, ಒಳಗೆಲ್ಲೋ ಇತ್ತು.

ನಗರ ಬಂದಾಗ ಡಬ್ಬಿಯನ್ನು ಸೀಟಿನಲ್ಲೇ ಬಿಟ್ಟು ಇಳಿದ. ಪ್ಲಾಟ್‌ಫಾರ್ಮಿನ ಅರ್ಧ ದಾಟಿರಲಿಲ್ಲ, ಹಿಂದಿನಿಂದ ಯಾರೋ ಕೂಗಿದರು. ಎದುರು ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಮುದುಕ, ಏದುಸಿರು ಬಿಡುತ್ತ, ಡಬ್ಬಿ ಎತ್ತಿಕೊಂಡು ಓಡಿ ಬಂದಿದ್ದ. “ಮನೇಲಿ ಬೈತಾರೆ ನೋಡಿ!” ಎಂದು ನಕ್ಕ. ಈ ಊರಿನವರಿಗೆ ಇಂದು ಏನಾಗಿದೆ ಎಂದು ಅವನಿಗೆ ರೇಗಿತು. “ತುಂಬಾ ಉಪಕಾರವಾಯ್ತು,” ಎಂದ.

ಐದನೇ ಮಹಡಿಯವರ ಮನೆಗೆ ಹೋಗದೆ ಬೇರೆ ದಾರಿಯಿರಲಿಲ್ಲ.

ಅವರ ಜೊತೆ ಅವನ ಪರಿಚಯವೆಲ್ಲ ಕಚೇರಿಯ ಲಿಫ್ಟಿನದು. “ಆಯ್ತಾ ಊಟ?” “ಆಯ್ತು. ನಿಮ್ದು?” “ಆಯ್ತು.” ಅಷ್ಟರಲ್ಲಿ ಮೂರನೇ ಮಹಡಿ ಬರುತ್ತಿತ್ತು, ಪುಣ್ಯಕ್ಕೆ. ನಮ್ಮ ಮಾತಾಡುವ ಇನ್ನೊಬ್ಬ ಇದೇ ಕಟ್ಟಡದಲ್ಲಿದ್ದಾನೆ ಎಂದು ತಿಳಿದ ದಿನ ಇಬ್ಬರಿಗೂ ಖುಷಿಯಾಗಿತ್ತು. ಆಮೇಲೆ ಇಬ್ಬರೂ, ಮಾತಾಡಿಕೊಂಡವರಂತೆ, ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡತೊಡಗಿದರು. ಪರಭಾಷೆಯಲ್ಲಿ ಮಾತು ತಪ್ಪಿದರೆ ಭಾಷೆಯ ಮೇಲೆ ಹಾಕಬಹುದು. ನಮ್ಮದೇ ಭಾಷೆಯಲ್ಲಿ ಮಾತು ಸಿಗದಿದ್ದರೆ ಯಾರ ಮೇಲೆ ಹಾಕುವುದು?

ಬಾಗಿಲು ತೆರೆದವರ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು.

“ಬನ್ನಿ, ಬನ್ನಿ,” ಎಂದರು, ಕಾಯುತ್ತಿದ್ದವರಂತೆ. “ನಾನು ಊರು ಸೇರಿದೆನಾ ಅಂತ ಈಗ ತಾನೆ ಫೋನ್ ಬಂದಿತ್ತು.”

ಅವನಿಗೆ ಅರ್ಥವಾಗಲಿಲ್ಲ.

“ಆ ಶಾಖೆಯವರು. ಅವರ ಹತ್ರ ಇರೋದು ನನ್ನ ನಂಬರಲ್ವಾ? ಸುಖವಾಗಿ ತಲುಪಿದ್ರಾ, ಡಬ್ಬಿ ಚೆಲ್ಲಲಿಲ್ಲ ತಾನೆ ಅಂತ ಕೇಳಿದ್ರು.”

ಅವನ ಕಿವಿ ಬಿಸಿಯಾಯಿತು. “ನೀವೇನಂದ್ರಿ?”

“ತಲುಪಿದೆ ಅಂದೆ.”

ಎರಡು ಕೋಣೆಯ ಮನೆ. ಕುರ್ಚಿಗಳ ಬೆನ್ನಿಗೆ, ಬಾಗಿಲ ಹಿಡಿಗೆ, ಕಿಟಕಿಯ ಸರಳಿಗೆ ಇಸ್ತ್ರಿಯಾದ ಅಂಗಿಗಳು ತೂಗುತ್ತಿದ್ದವು. ತೋಳುಗಳೆಲ್ಲ ಕೆಳಗೆ ಬಿಟ್ಟಿದ್ದವು. ಐದನೇ ಮಹಡಿಯವರು ಮತ್ತೆ ಇಸ್ತ್ರಿ ಹಲಗೆಯ ಹಿಂದೆ ನಿಂತು ಕಾಲರು ಉಜ್ಜತೊಡಗಿದರು. ಹಬೆ ಬುಸ್ಸೆಂದಿತು. ಹೆಂಡತಿ ಹೋದವರ ಮುಖ ಹೇಗಿರಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ಇದ್ದಂತೆಯೇ ಇತ್ತು.

“ಮೊದಲೇ ಬರ್ಬೇಕಿತ್ತು,” ಎಂದ. “ಕೆಲಸ, ಓಡಾಟ.”

“ಇರತ್ತೆ, ಇರತ್ತೆ.”

“ಅವರು ತಪ್ಪು ತಿಳ್ಕೊಂಡ್ರು. ಹೇಳೋಣ ಅಂತಲೇ ಇದ್ದೆ. ಆ ಹೊತ್ತಿಗೆ...”

“ಅದಿರ್ಲಿ ಬಿಡಿ.” ಅಂಗಿಯನ್ನು ಮಗುಚಿದರು. “ನಾನು ನನ್ನ ಹೆಂಡತಿ ವಿಷಯ ತುಂಬ ಚೆನ್ನಾಗಿ ಹೇಳಿದೆ ಅಂದ್ರು ಆಕೆ. ಫ್ರಿಜ್ಜಿನ ಕತೆ ಹೇಳಿ ಫೋನಲ್ಲೇ ಅತ್ತುಬಿಟ್ರು. ನಾನು ಹೂಂ ಅಂತ ಕೇಳಿಸ್ಕೊಂಡೆ.” ಒಂದು ಕ್ಷಣ ಇಸ್ತ್ರಿಪೆಟ್ಟಿಗೆ ನಿಂತಿತು. “ಇನ್ನೇನೇನು ಹೇಳಿದ್ರಿ?”

“ಅದು ನನ್ನವಳದ್ದು.”

“ಗೊತ್ತು. ನನ್ನವಳು ಫೋನು ಕೆಳಗೇ ಇಡ್ತಿರ್ಲಿಲ್ಲ.” ಅಂಗಿಯನ್ನು ಕೊಡವಿ ಹ್ಯಾಂಗರಿಗೆ ಹಾಕಿದರು. “ಜನ ಬಂದು ಕೂತ್ಕೊಂಡು, ಹೇಗಿದ್ರು ಅಂತ ಕೇಳ್ತಾರೆ. ಒಳ್ಳೆಯವಳು ಅಂತೀನಿ. ಅಷ್ಟೇ ಬರೋದು. ಆಸ್ಪತ್ರೆದು ಬಿಟ್ರೆ ಇನ್ನೊಂದು ಚಿತ್ರ ಕಣ್ಣಿಗೆ ಬರಲ್ಲ. ನಾಚಿಕೆ ಆಗತ್ತೆ ಕಣ್ರೀ. ನೀವು ಹೇಳಿ, ಇನ್ನೇನು ಹೇಳಿದ್ರಿ?”

ಅವನು ಡಬ್ಬಿಯ ಗಂಟು ಬಿಚ್ಚಿದ. ಬಿಸಿ ಮಾಡುವ ಯೋಚನೆ ಇಬ್ಬರಿಗೂ ಬರಲಿಲ್ಲ. ಐದನೇ ಮಹಡಿಯವರು ಎರಡು ಚಮಚ ತಂದರು. ಇಸ್ತ್ರಿ ಹಲಗೆಯ ಮೇಲೇ ಡಬ್ಬಿಯಿಟ್ಟು, ಅದರ ಎರಡು ಕಡೆ ನಿಂತು, ತಣ್ಣಗಾದ ಆಲೂಗಡ್ಡೆ ತಿನ್ನತೊಡಗಿದರು.

ಕೋಟಿನ ತೋಳಿನ ವಿಷಯ ಹೇಳಿದ. ಅಂಗೈಯ ಉಪ್ಪಿನ ವಿಷಯ ಹೇಳಿದ. ತನ್ನ ಭಾಷೆಯಲ್ಲಿ ಹೇಳುವಾಗ ಅವು ಮಧ್ಯಾಹ್ನದಷ್ಟು ಸಲೀಸಾಗಿ ಬರಲಿಲ್ಲ. ಐದನೇ ಮಹಡಿಯವರು ಅಗಿಯುವುದನ್ನು ನಿಲ್ಲಿಸಿ ಕೇಳಿದರು.

“ಇನ್ನೂ?”

“ಊರಲ್ಲಿ ಗಣಿತದ ಟೀಚರಾಗಿದ್ಲು. ಇಲ್ಲಿ ಅಂಗಡಿಯೋರು ಬಾಗಿಲಿಗೆ ಸಿಕ್ಕಿಸಿ ಹೋಗೋ ಜಾಹೀರಾತು ಕಾಗದ ಇರತ್ತಲ್ಲ, ಅದರ ಹಿಂದೆ ಲೆಕ್ಕ ಬಿಡಿಸ್ತಾಳೆ. ಒಂದ್ಸಲ ಯಾವುದೋ ತ್ರಿಕೋನದ್ದು ನಾಲ್ಕು ದಿನ ಬಗೆಹರೀಲಿಲ್ಲ. ಐದನೇ ದಿನ ಬೆಳಿಗ್ಗೆ ನಾನು ಸ್ನಾನ ಮಾಡ್ತಾ ಇದ್ದೆ. ಬಾಗಿಲು ಬಡಿದು, ಹೊರಗಿಂದಲೇ, ನಮಗೆ ಬೇಕಾಗಿದ್ದ ಗೆರೆ ತ್ರಿಕೋನದ ಒಳಗಿಲ್ಲ ರೀ, ಹೊರಗಿದೆ, ಅಂತ ಕೂಗಿದ್ಲು. ನಂಗೇನೂ ಅರ್ಥ ಆಗ್ಲಿಲ್ಲ. ಆದ್ರೂ ಸೋಪು ಹಚ್ಕೊಂಡೇ ಜೋರಾಗಿ ಚಪ್ಪಾಳೆ ತಟ್ಟಿದೆ.”

ಐದನೇ ಮಹಡಿಯವರು ನಕ್ಕರು. ಎಷ್ಟೋ ದಿನದಿಂದ ಉಪಯೋಗಿಸದ ನಲ್ಲಿ ತಿರುಗಿಸಿದಂತೆ ಮೊದಲು ಸದ್ದು, ಆಮೇಲೆ ನಗು.

“ಈಗ್ಲೂ ಬಿಡಿಸ್ತಾರಾ?”

“ಯಾವುದು?”

“ಲೆಕ್ಕ.”

ಅವನು ಯೋಚಿಸಿದ. ಮನೆಯ ಮೇಜು ಕಣ್ಣ ಮುಂದೆ ತಂದುಕೊಂಡ. ಹಣ್ಣಿನ ಬುಟ್ಟಿ, ತಿರುಗಿಸಿಟ್ಟ ಲೋಟಗಳು. ಕಾಗದ ಕಾಣಲಿಲ್ಲ. ಇದ್ದೀತು. ಅವನು ನೋಡಿಲ್ಲದಿರಬಹುದು.

“ಅದು ಬಂದ ಹೊಸತರಲ್ಲಿ,” ಎಂದ.

“ಫ್ರಿಜ್ಜು?”

“ಅದೂ ಆಗಲೇ.”

“ಉಪ್ಪು?”

“ಈಗ ನಾನು ಬರೋ ಹೊತ್ತಿಗೆ ಅಡುಗೆ ಆಗಿರತ್ತೆ.”

ಐದನೇ ಮಹಡಿಯವರು ಡಬ್ಬಿಯ ಮೂಲೆಯಲ್ಲಿದ್ದ ಬಟಾಣಿಯೊಂದನ್ನು ಚಮಚದಿಂದ ಅಟ್ಟಿಸಿಕೊಂಡು ಹೋಗಿ ಹಿಡಿದರು.

“ಈಚಿನದು ಯಾವುದಾದ್ರೂ ಹೇಳಿ,” ಎಂದರು.

ಹಬೆ ಆರಿ ಇಸ್ತ್ರಿಪೆಟ್ಟಿಗೆ ಟಿಕ್ ಎಂದಿತು. ಅವನು ನಿನ್ನೆಯನ್ನು ಹುಡುಕಿದ, ಮೊನ್ನೆಯನ್ನು ಹುಡುಕಿದ. ಅವಳು ತಟ್ಟೆ ಇಟ್ಟಳು. ಅವಳು ತಟ್ಟೆ ತೆಗೆದಳು. ನೋಡೋಣ ಎಂದ. ಹೂಂ ಎಂದಳು. ಯಾವ ಬಣ್ಣದ ಬಟ್ಟೆ ಉಟ್ಟಿದ್ದಳು? ಕೈಗಳು ಕಾಣುತ್ತಿದ್ದವು, ತಟ್ಟೆಯ ಅಂಚಿನ ಮೇಲೆ. ಮುಖವಿರಬೇಕಾದ ಕಡೆ ದೀಪದ ಬೆಳಕು ಬಿದ್ದಿತ್ತು.

“ಮೊನ್ನೆ,” ಎಂದ, “ಬಾಲ್ಕನಿಗೆ ಒಂದು ಪಾರಿವಾಳ ಬಂದಿತ್ತು. ಕಾಲಿಗೆ ದಾರ ಸುತ್ತಿಕೊಂಡಿತ್ತು. ಅವಳು ಕತ್ತರಿ ತಗೊಂಡು, ಮೆಲ್ಲಗೆ ಅದರ ಹತ್ರ...” ನಿಲ್ಲಿಸಿದ. ಅವನ ಮನೆಗೆ ಬಾಲ್ಕನಿ ಇರಲಿಲ್ಲ.

ಐದನೇ ಮಹಡಿಯವರು ಅವನನ್ನೇ ನೋಡುತ್ತಿದ್ದರು.

“ಇದು ಸುಳ್ಳು, ಅಲ್ವಾ?”

“ಹೂಂ.”

“ಪರವಾಗಿಲ್ಲ, ಹೇಳಿ. ಪಾರಿವಾಳಕ್ಕೆ ಏನಾಯ್ತು?”

“ಹಾರಿಹೋಯ್ತು.”

“ಒಳ್ಳೇದಾಯ್ತು,” ಎಂದರು. ಡಬ್ಬಿ ಖಾಲಿಯಾಗಿತ್ತು.

ಅವನು ಕೋಟು ಹಾಕಿಕೊಂಡ. ಬಾಗಿಲ ಬಳಿ ಐದನೇ ಮಹಡಿಯವರು ಏನೋ ಕೇಳಬೇಕೆಂದು, ಕೇಳಲೋ ಬೇಡವೋ ಎಂಬಂತೆ ನಿಂತರು.

“ಅದನ್ನ ನಾನು ಇಟ್ಕೊಳ್ಲಾ?”

“ಡಬ್ಬೀನಾ? ಅವರಿಗೆ ವಾಪಸ್ ಕೊಡಬೇಕಾಗತ್ತೇನೋ.”

“ಡಬ್ಬಿ ಅಲ್ಲ. ಆ ಲೆಕ್ಕದ್ದು. ಸೋಪು, ಚಪ್ಪಾಳೆ. ಯಾರಾದ್ರೂ ಕೇಳಿದ್ರೆ ಹೇಳ್ಬಹುದು ಅಂತ.” ಅವರ ಕಣ್ಣು ನೆಲದ ಮೇಲಿತ್ತು. “ನಿಮಗೆ ಬೇಕಾಗಿದ್ರೆ ಬೇಡ.”

ತಮಾಷೆ ಇರಬಹುದೆಂದು ಅವನು ಮುಖ ನೋಡಿದ. ಅಲ್ಲ.

“ಇಟ್ಕೊಳ್ಳಿ,” ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕೊಟ್ಟದ್ದನ್ನು ಮತ್ತೆ ನೆನೆದು ನೋಡಿದ. ಸ್ನಾನದ ಮನೆಯ ಬಾಗಿಲು, ಬಡಿತ, ಕೂಗು. ಈಗ ಆ ಬಾಗಿಲ ಈಚೆ ಸೋಪು ಹಚ್ಚಿಕೊಂಡು ನಿಂತದ್ದು ಐದನೇ ಮಹಡಿಯವರು. ಅವನು ಎಲ್ಲಿ ನಿಂತಿದ್ದ ಎಂಬುದು ತಿಳಿಯಲಿಲ್ಲ. ಹೊರಗೆ ಅಂಗಡಿಗಳು ಒಂದೊಂದೇ ಷಟರ್ ಎಳೆಯುತ್ತಿದ್ದವು. ದಣಿವು ಮೊಣಕಾಲಿನಿಂದ ಮೇಲಕ್ಕೆ ನೀರಿನಂತೆ ಏರಿತು. ಮನೆಗೆ ಹೋಗಿ ಎಲ್ಲವನ್ನೂ ಅವಳಿಗೆ ಹೇಳಿಬಿಡಬೇಕು, ನಗುತ್ತಾಳೆ, ಬೈಯುತ್ತಾಳೆ, ನಾನಿನ್ನೂ ಇದೀನಲ್ಲ ಮಾರಾಯ್ರೆ ಎನ್ನುತ್ತಾಳೆ ಎಂದುಕೊಂಡ. ಆಡುವ ಮಾತನ್ನು ಅವಳ ಬಾಯಲ್ಲಿಟ್ಟು ನೋಡಿದ. ಅದೂ ಹಳೆಯ ಅವಳು ಆಡುವ ಮಾತೇ ಆಗಿತ್ತು.

ಅವನ ಮನೆಯಿದ್ದ ಕಟ್ಟಡದ ಕಾರಿಡಾರಿನಲ್ಲಿ ಯಾರಾದರೂ ನಡೆದರೆ ತಾನಾಗಿ ಹತ್ತಿಕೊಳ್ಳುವ ದೀಪಗಳು. ಒಂದೊಂದೇ ಹತ್ತಿ ಅವನನ್ನು ಬಾಗಿಲವರೆಗೆ ಕರೆತಂದವು. ಜೇಬಿನಿಂದ ಬೀಗದ ಕೈ ತೆಗೆದ. ತೆಗೆದವನು ಹಾಗೇ ನಿಂತ.

ಒಳಗೆ ಯಾರೋ ಮಾತಾಡುತ್ತಿದ್ದರು. ಹೆಂಗಸಿನ ದನಿ. ಆ ಊರಿನ ಭಾಷೆ. ಮಾತು ಸರಸರನೆ, ನಡುವೆ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದಂತೆ ಬರುತ್ತಿತ್ತು. ನೆರೆಯವರು ಬಂದಿರಬೇಕು ಎಂದುಕೊಂಡ. ಆ ದನಿ ಏನೋ ಕೇಳಿತು, ಸ್ವಲ್ಪ ತಡೆಯಿತು, ಆಮೇಲೆ ಜೋರಾಗಿ, ಬಾಯಿಗೆ ಕೈ ಅಡ್ಡ ಇಡದೆ ನಕ್ಕಿತು. ಬೇರೆ ಯಾರ ದನಿಯೂ ಕೇಳಲಿಲ್ಲ. ಫೋನಿನಲ್ಲಿ ಮಾತಾಡುತ್ತಿರುವುದು ಹೆಂಡತಿಯೇ. ಒಬ್ಬಳೇ.

ಆ ಭಾ‍ಷೆ ಅವಳಿಗೆ ಅಂಗಡಿಯ ಮಟ್ಟಿಗೆ ಬರುತ್ತದೆ ಎಂದು ಅವನು ತಿಳಿದಿದ್ದ. ಅವನಿಗೆ ಎಂಟು ವರ್ಷ ತೊಡಕಾದ ಭೂತಕಾಲವನ್ನು, ಅವನು ಎಂದೂ ಕಲಿಯದ ಇನ್ನೂ ಎಷ್ಟೋ ಕಾಲಗಳನ್ನು ಅವಳು ಕೈಬೆರಳಲ್ಲಿ ಆಡಿಸುತ್ತಿದ್ದಳು. ಯಾರ ಜೊತೆ? ಯಾವಾಗ ಕಲಿತಳು? ಇಂದು ಎರಡು ಸಲ ಅವನಿಗೆ ಕರೆ ಮಾಡಿದ್ದಳು. ಏನು ಹೇಳುವುದಿತ್ತು?

ಬೀಗದ ಕೈ ತೂರಿಸಿ ಆ ನಗುವಿನ ನಡುವೆ ನುಗ್ಗುವುದು ಇನ್ನೊಬ್ಬರ ಮನೆಗೆ ನುಗ್ಗಿದಂತೆ ಕಂಡಿತು. ಅದನ್ನು ಜೇಬಿಗೆ ಹಾಕಿ, ಗಂಟೆಯ ಗುಂಡಿ ಒತ್ತಿದ. ಅವನ ಮನೆಯ ಗಂಟೆ ಹೊರಗಿನಿಂದ ಹೇಗೆ ಕೇಳಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಎಲ್ಲೋ ಆಳದಲ್ಲಿ ಕೇಳಿಸಿತು.

ಮಾತು ನಿಂತಿತು. ಹೆಜ್ಜೆಗಳು ಬಾಗಿಲವರೆಗೆ ಬಂದವು. ಬಾಗಿಲ ನಡುವಿನ ಗಾಜಿನ ಕಿಂಡಿಯಲ್ಲಿ ಕಾಣುತ್ತಿದ್ದ ಬೆಳಕಿನ ಚುಕ್ಕೆ ಕಪ್ಪಾಯಿತು.

“ಯಾರದು?” ಎಂದಳು, ಆ ಊರಿನ ಭಾಷೆಯಲ್ಲಿ.

ನಾನು ಎನ್ನಬೇಕು. ಯಾವ ಭಾಷೆಯಲ್ಲಿ ಎಂದು ಹೊಳೆಯಲಿಲ್ಲ. ಅವನು ಅಲ್ಲಾಡದೆ ನಿಂತಿದ್ದ. ಅಲ್ಲಾಡದವರಿಗೆ ಆ ಕಾರಿಡಾರಿನಲ್ಲಿ ದೀಪ ಉರಿಯುವುದಿಲ್ಲ. ತಲೆಯ ಮೇಲಿನದು ಆರಿತು, ಅದರ ಹಿಂದಿನದು ಆರಿತು, ಲಿಫ್ಟಿನವರೆಗೂ ಕತ್ತಲಾಯಿತು.

“ಯಾರು?” ಎಂದಳು ಮತ್ತೆ. ದನಿಯಲ್ಲಿ ಭಯವಿತ್ತು.

ಅವನು ಕತ್ತಲಲ್ಲಿ ಕೈ ಎತ್ತಿ ಬೀಸಿದ. ದೀಪ ಹತ್ತಲಿಲ್ಲ. ಎರಡೂ ಕೈ ಎತ್ತಿದ. ಕಿಂಡಿಯ ಆಚೆ ಅವಳ ಕಣ್ಣು ಇದ್ದೇ ಇತ್ತು. ಅವನು ಇನ್ನೂ ದೊಡ್ಡದಾಗಿ, ದೂರದ ದಡದಲ್ಲಿರುವ ಯಾರನ್ನೋ ಕರೆಯುವವನಂತೆ, ಕೈ ಬೀಸುತ್ತಲೇ ಇದ್ದ.